ಬಾಡಿಗೆ ಕತ್ತಲೆ

ಧಾರವಾಡದ ಮಳೆ ಎಲ್ಲರಿಗೂ ಗೊತ್ತಿದ್ದದ್ದೇ. ಜೋರಾಗಿ ಹೊಡೆಯೋದಿಲ್ಲ, ಬಿಡೋದೂ ಇಲ್ಲ. 2025ರ ಜುಲೈ ಕೊನೆಯ ವಾರ ಆ ಜಿಟಿಜಿಟಿಯಲ್ಲಿ ನಾವು ನಾಲ್ಕು ಮಂದಿ ಹಾಸ್ಟೆಲಿನ ಖೋಲಿಯೊಳಗೆ ಒಂದು ಫೋನಿನ ಸುತ್ತ ಕೂತಿದ್ದೆವು. ಇಂಗ್ಲೆಂಡಿನ ಹಾಡುಗಾರ ಓಜಿ ಆಸ್ಬೋರ್ನ್ ಆ ತಿಂಗಳ 22ಕ್ಕೆ ತೀರಿಕೊಂಡಿದ್ದ. ಬಾಜೂ ಖೋಲಿಯ ಗೆಳೆಯನೊಬ್ಬ, ಬೆಂಗಳೂರಿನಲ್ಲಿ ಕಲಿತು ಬಂದವನು, ಸದಾ ಕರೀ ಅಂಗಿ ತೊಡುವವನು, 'ದೀಪಾ ಆರಿಸಿ ಕೇಳ್ರಿ' ಅಂತ ಆ ಹಾಡುಗಾರನ ಗುಂಪಿನ ಮೊದಲನೆಯ ಆಲ್ಬಂ ಹಚ್ಚಿಕೊಟ್ಟು ಹೋದ. ಬ್ಲ್ಯಾಕ್ ಸಬ್ಬತ್. ಗುಂಪಿನ ಹೆಸರೂ ಅದೇ, ಆಲ್ಬಮ್ಮಿನ ಹೆಸರೂ ಅದೇ, ಮೊದಲ ಹಾಡಿನ ಹೆಸರೂ ಅದೇ. 1970ರ ಫೆಬ್ರವರಿ 13, ಶುಕ್ರವಾರ ಹೊರಬಂದದ್ದು.

ದೀಪ ಆರಿಸಿದೆವು. ಹೊರಗೂ ಮಳೆ, ಫೋನಿನೊಳಗೂ ಮಳೆ. ದೂರದಲ್ಲಿ ಗುಡುಗು. ಒಂದು ಚರ್ಚಿನ ಗಂಟೆ, ಆತುರವಿಲ್ಲದೆ. ಆಮೇಲೆ ಗಿಟಾರು ಬಂತು ನೋಡಿ, ಮೂರೇ ಮೂರು ಸ್ವರ, ಒಂದೊಂದೂ ನೆಲಕ್ಕೆ ಕಲ್ಲು ಎತ್ತಿಹಾಕಿದ ಹಾಗೆ. ನಮ್ಮೊಳಗೊಬ್ಬ ಕತ್ತಲಲ್ಲೇ ಅಂದ: 'ಲೇ, ಇದು ಹೆಣಾ ಎತ್ತೋ ಹೊತ್ತಿನ ಸಪ್ಪಳ.'

ಅವನು ಹಾಗೆ ಅಂದದ್ದಕ್ಕೆ ಕಾರಣವಿತ್ತು. ಅದೇ ವಾರ ಅವನ ಊರಿನಿಂದ, ಕುಂದಗೋಳದ ಕಡೆಯ ಒಂದು ಹಳ್ಳಿಯಿಂದ, ಫೋನು ಬಂದಿತ್ತು. ವಾಡೇದ ಹಿರಿಯರು ಸತ್ತಿದ್ದರು. ಹೆಣದ ಮುಂದೆ ಹಲಗಿ ಬಾರಿಸಲು ಕರೆದಾಗ ಅವನ ಕಾಕಾ 'ಒಲ್ಲೆ' ಅಂದಿದ್ದ. ಊರಿಗೆ ಊರೇ ಬಿಗಿದುಕೊಂಡಿತ್ತು.

ಹಾಡು ಮುಗಿದ ಮೇಲೆ ಕರೀ ಅಂಗಿಯ ಗೆಳೆಯ ಬಂದು ಕೇಳಿದ: 'ಹೆಂಗಿತ್ತು? ಎಂಥಾ ವಾತಾವರಣ ಕಟ್ಟ್ಯಾರ! ಯಾವುದೋ ನಿಗೂಢ ಆಚರಣೆಯೊಳಗ ಕೂತಂಗ ಆಗ್ತದಲ್ಲ?'

ಗೆಳೆಯರೇ, ಈ 'ವಾತಾವರಣ' ಅನ್ನುವ ಮಾತಿನ ಮೇಲೆ ನಮ್ಮ ತಕರಾರು. ಕತ್ತಲೆ, ಸಾವು, ಆಚರಣೆ, ಡೋಲಿನ ಬಡಿತ ಇವೆಲ್ಲ ಒಬ್ಬನಿಗೆ ವಾತಾವರಣ ಹೇಗೆ ಆಗುತ್ತದೆ, ಇನ್ನೊಬ್ಬನಿಗೆ ಹುಟ್ಟಿದ ಕೂಡಲೇ ಕೊರಳಿಗೆ ಬೀಳುವ ಚಾಕರಿ ಹೇಗೆ ಆಗುತ್ತದೆ? ಇದನ್ನು ಕೇಳಿಯೇ ಬಿಡೋಣ ಅಂತ ಬರೆಯುತ್ತಿದ್ದೇವೆ. ಹಾಗಂತ ನಾವು ಆ ಹಾಡನ್ನು ಜರೆಯಲು ಹೊರಟವರಲ್ಲ. ಅದನ್ನು ಆ ರಾತ್ರಿ ಮೂರು ಸಲ ಕೇಳಿದೆವು. ಮೊದಲು ಅದನ್ನು ಮಾಡಿದವರ ಕೈ ನೋಡೋಣ.

ಬರ್ಮಿಂಗ್‌ಹ್ಯಾಮ್ ಶಹರದ ಆಸ್ಟನ್ ಅನ್ನುವುದು ಕಾರ್ಖಾನೆಯ ಕೂಲಿಗಳ ಓಣಿ. ಎರಡನೆಯ ಮಹಾಯುದ್ಧದ ಬಾಂಬು ಬಿದ್ದ ಕುಣಿಗಳ ನಡುವೆ ಬೆಳೆದ ನಾಲ್ಕು ಹುಡುಗರು. ಗಿಟಾರಿನ ಟೋನಿ ಅಯೋಮಿ ತಗಡಿನ ಕಾರ್ಖಾನೆಯಲ್ಲಿದ್ದ. ಕೆಲಸ ಬಿಡುವ ಕೊನೆಯ ದಿನ, 17ನೇ ವಯಸ್ಸಿಗೆ, ಮಷೀನಿಗೆ ಕೈ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಹಾರಿಹೋದವು. ಅವನು ಎಡಚ. ಅಂದರೆ ತಂತಿ ಒತ್ತುವ ಕೈಯೇ ಹೋಯಿತು. ಡಾಕ್ಟರರು ಇನ್ನು ಗಿಟಾರಿನ ಮಾತು ಬಿಡು ಅಂದರು. ಕಾರ್ಖಾನೆಯ ಮೇಸ್ತ್ರಿ ಒಂದು ರೆಕಾರ್ಡ್ ತಂದು ಕೇಳಿಸಿದ: ಜಾಂಗೋ ರೈನ್‌ಹಾರ್ಟ್‌ನದು. ಆತ ಜಿಪ್ಸಿ; ಊರೂರು ಅಲೆಯುವ, ಊರು ಒಳಗೆ ಬಿಟ್ಟುಕೊಳ್ಳದ ಜನದವನು. 1928ರಲ್ಲಿ ಗಾಡಿಮನೆಗೆ ಬೆಂಕಿ ಬಿದ್ದು ಎರಡು ಬೆರಳು ಸುಟ್ಟುಕೊಂಡು, ಉಳಿದವುಗಳಿಂದ ಯುರೋಪು ಬೆರಗಾಗುವ ಹಾಗೆ ನುಡಿಸಿದವನು. ಅದನ್ನು ಕೇಳಿ ಈ ಹುಡುಗ ಪಾತ್ರೆ ತೊಳೆಯುವ ಸಾಬೂನಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ಅದು ತಂತಿಯ ಮೇಲೆ ಜಾರುತ್ತಿತ್ತು. ಹಳೆಯ ಜಾಕೀಟಿನ ಚರ್ಮ ಕತ್ತರಿಸಿ ಅದರ ಮೇಲೆ ಅಂಟಿಸಿದ.

ಚರ್ಮ! ನಮಗೆ ಕಿವಿ ನೆಟ್ಟಗಾದದ್ದು ಇಲ್ಲಿಯೇ.

ದಪ್ಪ ತಂತಿ ನೋಯುತ್ತಿತ್ತು ಅಂತ ತೆಳ್ಳನೆಯ ತಂತಿ ಕಟ್ಟಿದ. ಅಂಥವು ಅಂಗಡಿಯಲ್ಲಿ ಸಿಗದೆ ಬ್ಯಾಂಜೋದ ತಂತಿ ತಂದು ಹಾಕಿದ. ಮುಂದೆ 1971ರ ಮೂರನೆಯ ಆಲ್ಬಮ್ಮಿನ ಹೊತ್ತಿಗೆ ತಂತಿಯನ್ನು ಇನ್ನೂ ಸಡಿಲ ಬಿಟ್ಟು ಶ್ರುತಿಯನ್ನೇ ಕೆಳಕ್ಕೆ ಇಳಿಸಿದ. ಇವತ್ತು ಜಗತ್ತಿನ ತುಂಬ ಹುಡುಗರು 'ಹೆವಿ' ಅಂತ ಹುಚ್ಚಾಗುವ ಆ ಭಾರ, ಆ ಕಪ್ಪು ಸಪ್ಪಳ, ಅದರ ಒಂದು ಬೇರು ಒಬ್ಬ ಕೂಲಿ ಹುಡುಗನ ಮೊಂಡು ಬೆರಳಿನ ನೋವಿನಲ್ಲಿದೆ.

ಇನ್ನು ಹಾಡುಗಾರ ಓಜಿ. ಅವನು ಕಸಾಯಿಖಾನೆಯಲ್ಲಿ ಕೆಲಸ ಮಾಡಿದವನು. ದನದ ಕರುಳು ಬಗೆಯುವ, ಹೊಟ್ಟೆ ತೊಳೆಯುವ ಕೆಲಸ. ಅದಕ್ಕೂ ಮೊದಲು ಮೋಟಾರಿನ ಹಾರ್ನು ಪರೀಕ್ಷೆ ಮಾಡುವ ಕೆಲಸ, ದಿನವಿಡೀ ಹಾರ್ನು. ಸಣ್ಣ ಕಳವಿಗೆ ಕೆಲವು ವಾರ ಜೇಲೂ ಕಂಡುಬಂದ. ಬಾಸ್ ನುಡಿಸುವ ಗೀಜರ್ ಬಟ್ಲರ್ (ಅಡ್ಡಹೆಸರು) ಐರಿಷ್ ಕ್ಯಾಥೊಲಿಕ್ ಮನೆಯವನು. ಮಾಟಮಂತ್ರದ ಪುಸ್ತಕ ಓದಿ ಮಲಗಿದ ರಾತ್ರಿ ಕಾಲ ಹತ್ತಿರ ಕರೀ ಆಕಾರವೊಂದು ನಿಂತದ್ದು ಕಂಡು ಬೆವೆತುಬಿಟ್ಟ. ಆ ಅಂಜಿಕೆಯೇ ಮೊದಲ ಹಾಡಾಯಿತು. ಇದನ್ನು ಗಮನಿಸಬೇಕು: ಆ ಹಾಡಿನೊಳಗಿನ ಮನುಷ್ಯ ಸೈತಾನನನ್ನು ಕರೆಯುತ್ತಿಲ್ಲ, ನೋಡಿ ಅಂಜಿ ಓಡುತ್ತಿದ್ದಾನೆ.

1969ರ ಅಕ್ಟೋಬರಿನಲ್ಲಿ ಲಂಡನ್ನಿನ ಒಂದು ಸ್ಟುಡಿಯೋದಲ್ಲಿ ಒಂದೇ ದಿನದಲ್ಲಿ ಇಡೀ ಆಲ್ಬಂ ಮುಗಿಸಿದರು. ಖರ್ಚು ಸುಮಾರು 600 ಪೌಂಡು. ಕೂಲಿಗಳಿಗೆ ಎರಡನೆಯ ದಿನ ಯಾರು ಕೊಡುತ್ತಾರೆ? ಅಷ್ಟಾದ ಮೇಲೆ ಬಂದರು ವ್ಯಾಪಾರಿಗಳು. ಮಳೆ, ಗುಡುಗು, ಗಂಟೆ ಆಮೇಲೆ ಸೇರಿಸಿದ್ದು, ಅದು ಧ್ವನಿಮುದ್ರಣ ಮಾಡಿಸಿದವರ ಉಪಾಯ. ಒಳ್ಳೆಯ ಉಪಾಯವೇ, ಒಪ್ಪುತ್ತೇವೆ. ಹೊದಿಕೆಗೆ ಆಕ್ಸ್‌ಫರ್ಡ್‌ಶೈರಿನ ಹಳೆಯ ನೀರುಗಿರಣಿಯ ಮುಂದೆ ಕಪ್ಪು ನಿಲುವಂಗಿಯ ಹೆಣ್ಣನ್ನು ನಿಲ್ಲಿಸಿ ಫೋಟೋ ತೆಗೆದರು. ಅದೂ ಸರಿ. ಆದರೆ ಹೊದಿಕೆಯ ಒಳಮಗ್ಗುಲಿಗೆ ತಲೆಕೆಳಗಾದ ಶಿಲುಬೆ ಅಚ್ಚು ಹಾಕಿದರು. ಹಾಡಿದ ಹುಡುಗರನ್ನು ಒಂದು ಮಾತು ಕೇಳದೆ. ಮೊಂಡು ಬೆರಳು ಹುಡುಗರದು, ಶಿಲುಬೆ ಕಂಪನಿಯದು. ಮಾರಾಟವಾದದ್ದು ಎರಡೂ ಕೂಡಿ. ಆಲ್ಬಂ ಇಂಗ್ಲೆಂಡಿನಲ್ಲಿ 8ನೇ ಸ್ಥಾನಕ್ಕೆ ಏರಿತು. ನಾಗರಿಕ ವಿಮರ್ಶಕರು ಮೂಗು ಮುಚ್ಚಿಕೊಂಡರು. ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆ ಚೆನ್ನಾಗಿ ಬೈಯಿತು. ಕೆಳಗಿನವನ ಗಂಟಲು ಮೊದಲ ಸಲ ತೆರೆದಾಗ ಅದಕ್ಕೆ ಗದ್ದಲ ಅಂತಲೇ ಹೆಸರು. 1973ರ ಬೂಸಾ ಗಲಾಟೆಯ ಚರಿತ್ರೆ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಆ ಮೂರು ಸ್ವರಕ್ಕೆ ಬರೋಣ, ಯಾಕೆಂದರೆ ನಾವು ಕೂತದ್ದು ಧಾರವಾಡದಲ್ಲಿ. ಕೆಳಗಿನ ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಜಾರಿ ತೀವ್ರ ಮಧ್ಯಮ. ಇಷ್ಟೇ. ಷಡ್ಜಕ್ಕೂ ತೀವ್ರ ಮಧ್ಯಮಕ್ಕೂ ನಡುವಿನ ಈ ಅಂತರಕ್ಕೆ ಯುರೋಪಿನ ಹಳೆಯ ಶಾಸ್ತ್ರಿಗಳು 'ಸಂಗೀತದೊಳಗಿನ ದೆವ್ವ' ಅಂತ ಹೆಸರಿಟ್ಟಿದ್ದರು. ಚರ್ಚು ಅದನ್ನು ನಿಷೇಧಿಸಿತ್ತು, ನುಡಿಸಿದವರನ್ನು ಸುಟ್ಟಿತ್ತು ಅನ್ನುವ ಕತೆಗಳನ್ನು ನಂಬಬೇಕಾಗಿಲ್ಲ. ಅವು ಬರೀ ಕತೆಗಳು. ಆದರೆ ಹೆಸರಂತೂ ನಿಜ.

ಇದೇ ತೀವ್ರ ಮಧ್ಯಮ ನಮ್ಮಲ್ಲಿ ಏನು? ಸಂಜೆ ದೇವರ ಮುಂದೆ ದೀಪ ಹಚ್ಚಿ ಹುಡುಗಿಯರು ಕಲಿಯುವ ಯಮನ್ ರಾಗದ ಸ್ವರ! ಈ ಊರಿನ ಯಾವ ಓಣಿಗೆ ಹೋದರೂ ಸಂಜೆ ಆರಕ್ಕೆ ಯಾವುದಾದರೊಂದು ಕಿಟಕಿಯಿಂದ ಕೇಳುತ್ತದೆ. ಒಂದು ಕಡೆ ದೆವ್ವ, ಇನ್ನೊಂದು ಕಡೆ ದೇವರ ಮುಂದಿನ ದೀಪ. ಸ್ವರ ಒಂದೇ. ಮೈಲಿಗೆ ಸ್ವರದಲ್ಲಿ ಇಲ್ಲ ಅಂತಾಯಿತು. ಹಾಗಿದ್ದರೆ ಎಲ್ಲಿದೆ? ಹೆಸರಿಡುವ ಅಧಿಕಾರ ಯಾರ ಬಾಯಲ್ಲಿದೆಯೋ ಅಲ್ಲಿ. ಹಲಗಿಯ ಚರ್ಮವೂ ಸತ್ತ ಪ್ರಾಣಿಯದು, ತಬಲದ ಚರ್ಮವೂ ಸತ್ತ ಪ್ರಾಣಿಯದೇ. ಒಂದು ಗಾದಿಯ ಮೇಲೆ ಕೂಡುತ್ತದೆ, ಇನ್ನೊಂದು ಅಗಸಿ ಬಾಗಿಲ ಹೊರಗೆ ನಿಲ್ಲುತ್ತದೆ. ತಬಲಕ್ಕೆ ನಮಸ್ಕಾರ ಮಾಡಿ ಕೂಡುವ ರಸಿಕರು ಹಲಗಿ ಮುಟ್ಟಿದ ಕೈಯಿಂದ ಚಹಾ ಕುಡಿಯುತ್ತಾರೇನು?

ದನಿ ಬೇಕು, ಕೈ ಬೇಡ. ಇದು ಈ ನೆಲದ ಹಳೆಯ ಚಾಳಿ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿ ಮುಂದೆ ಸ್ವಾಗತಗೀತೆ ಹಾಡಿದ ಧಾರವಾಡದ ಹುಡುಗಿ ಗಂಗೂಬಾಯಿ ಹಾನಗಲ್ಲ. ಊಟವಾದ ಮೇಲೆ ತನ್ನನ್ನು ಎಂಜಲು ತೆಗೆಯಲು ಹಚ್ಚುತ್ತಾರೋ ಏನೋ ಅನ್ನುವ ಅಂಜಿಕೆ ತನಗಿತ್ತು ಅಂತ ಅವರೇ ಮುಂದೆ ಹೇಳಿಕೊಂಡರು. ದೊಡ್ಡ ಗಂಟಲಿನ ತಾಯಿ. ಅವರಿಗೇ ಹೀಗಿದ್ದರೆ ಹಲಗಿಯವನ ಮಾತೇನು?

ಹಲಗಿ ಆಗುವುದು ಹೇಗೆ ಅಂತ ಶಹರದ ಗೆಳೆಯರಿಗಾಗಿ ಒಂದು ಮಾತು. ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಹಾಕಬೇಕು. ಕೂದಲು ಕೆರೆಯಬೇಕು. ಆ ವಾಸನೆ ಮೂರು ದಿನ ಅನ್ನದೊಳಗೂ ಬರುತ್ತದೆ. ಬಳೆಗೆ ಬಿಗಿದು ನೆರಳಲ್ಲಿ ಒಣಗಿಸಬೇಕು. ಬಾರಿಸುವ ಮುಂಚೆ ಹುಲ್ಲಿನ ಬೆಂಕಿಗೆ ಹಿಡಿದು ಕಾಸಬೇಕು, ಇಲ್ಲದಿದ್ದರೆ ಬಿಗಿ ಬರುವುದಿಲ್ಲ. ಮಳೆಗಾಲದಲ್ಲಿ ಗಳಿಗೆಗೊಮ್ಮೆ ಕಾಸಬೇಕು. ಬಲಗೈಯಲ್ಲಿ ಗಿಡ್ಡ ದಪ್ಪ ಕೋಲು, ಎಡಗೈಯಲ್ಲಿ ಉದ್ದ ತೆಳ್ಳನೆ ಕಡ್ಡಿ. ಕಾಲಿಗೆ ಚಪ್ಪಲಿ ಇಲ್ಲ. ಹೆಣದ ಮುಂದೆ ಹಿಂದಡಿ ಇಡುತ್ತ ಸುಡುಗಾಡಿನ ತನಕ. ಕೂಲಿ ಅಂದರೆ ಎರಡು ಸೇರು ಜೋಳ, ಒಂದು ಕ್ವಾರ್ಟರ್. ಬೇಕೋ ಬೇಡವೋ ಯಾರೂ ಕೇಳುವುದಿಲ್ಲ. ಅಪ್ಪ ಬಾರಿಸಿದ್ದ, ಮಗ ಬಾರಿಸಬೇಕು.

ಇನ್ನೊಂದು ಮಗ್ಗಲು ನೋಡಿ. ಹುಬ್ಬಳ್ಳಿ-ಧಾರವಾಡದ ಹೋಳಿ ಹುಣ್ಣಿಮೆ ಬಂತೆಂದರೆ ಎಲ್ಲ ಜಾತಿಯ ಹುಡುಗರೂ ಹಲಗಿ ಹಿಡಿಯುತ್ತಾರೆ. ಗೌಡರ ಮಗ, ಶೆಟ್ಟರ ಮಗ, ಡಾಕ್ಟರರ ಮಗ. ಪೇಟೆಯಲ್ಲಿ ಹಲಗಿ ರಾಶಿ ಹಾಕಿ ಮಾರುತ್ತಾರೆ. ಗಾಡಿಯ ಗಾಲಿಗೆ ಚರ್ಮ ಬಿಗಿದ ಜಗ್ಗಲಗಿ ಉರುಳಿಸಿಕೊಂಡು ಬೀದಿಗಿಳಿಯುತ್ತಾರೆ. ಕಾಮಣ್ಣನ ಮುಂದೆ ಬಾಯಿ ಬಡಿದುಕೊಳ್ಳುತ್ತಾರೆ. ಸಾವಿನ ಅಳುವೂ ಅಂದು ಆಟ. ನಮಗೂ ಹೋಳಿ ಇಷ್ಟವೇ. ಆದರೆ ಹೋಳಿ ಮುಗಿದ ಮರುದಿನ ಒಂದು ಹೆಣ ಬಿದ್ದರೆ, ನಿನ್ನೆ ಕುಣಿಕುಣಿದು ಬಾರಿಸಿದ ಗೌಡರ ಮಗನ ಕೈಗೆ ಅದೇ ಹಲಗಿ ಕೊಟ್ಟು 'ನಡೀರಿ ಮುಂದ' ಅಂತ ಅಂದು ನೋಡಿ! ಒಂದೇ ಹಲಗಿ. ಒಂದು ದಿನಕ್ಕೆ ಎಲ್ಲರದು, ಉಳಿದ 364 ದಿನಕ್ಕೆ ನಮ್ಮದು.

ಕರೀ ಅಂಗಿಯ ಗೆಳೆಯನ ಕತ್ತಲೆಯೂ ಹೋಳಿಯ ಹಲಗಿಯೇ ಅಂತ ನಾವು ಅವನಿಗೆ ಮುಖಕ್ಕೇ ಹೇಳಿದೆವು. ಸಿಟ್ಟಾದ. ಆಗಲಿ. 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ ಅನ್ನುವ ಅಮೆರಿಕದ ಗುಂಪು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. ಸಾವಿರಗಟ್ಟಲೆ ಹುಡುಗರು ಕಪ್ಪು ತೊಟ್ಟು ಬಂದರು. ರಾತ್ರಿ ಮುಗಿದ ಮೇಲೆ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಸೋಮವಾರ ಕಂಪನಿಗೆ ಹೋದರು. ಬಿಚ್ಚಿಡಬಹುದಾದ ಕಪ್ಪು ಅದು. ಅವರ ತಪ್ಪು ಅಂತ ಹೇಳುತ್ತಿಲ್ಲ. ಬಿಚ್ಚಿಡಲು ಬಾರದ ಕಪ್ಪೂ ಒಂದಿದೆ, ಅದು ನಿಮ್ಮ ಊರಿನ ಹೊರಗೇ ಇದೆ ಅನ್ನುತ್ತಿದ್ದೇವೆ.

ಬೆಂಗಳೂರಿನಲ್ಲಿ 'ಬೇವರ್ ಸೀ' ಅಂತ ಒಂದು ಗುಂಪು ಇದೆ. ಸಬ್ಬತ್ತಿನ ವಂಶದ್ದೇ, ಡೂಮ್ ಅನ್ನುತ್ತಾರೆ, ಪ್ರಳಯದ ನಡಿಗೆಯ ಸಂಗೀತ. 2012ರಲ್ಲಿ ತಮ್ಮ ಹೆಸರಿನದೇ ಮೊದಲ ಆಲ್ಬಂ ತಂದರು, 2015ರಲ್ಲಿ ಎರಡನೆಯದು. ಕನ್ನಡಿಗರಿಗೆ ಹೆಸರಿನ ಆಟ ಕೂಡಲೇ ತಿಳಿಯುತ್ತದೆ: ಬೇವರ್ಸಿ. ವಾರಸುದಾರ ಇಲ್ಲದವನು, ದಿಕ್ಕಿಲ್ಲದವನು. ಪಾರ್ಸಿಯಿಂದ ಬಂದ ಕಚೇರಿಯ ಮಾತು ಬೈಗುಳವಾಗಿ ಬಿದ್ದದ್ದು ಯಾರ ಮೇಲೆ? ಆಸ್ತಿ ಇದ್ದವನಿಗೆ ವಾರಸು ಇರುತ್ತದೆ. ಆಸ್ತಿ ಇಲ್ಲದವನು ಹುಟ್ಟಾ ಬೇವರ್ಸಿ. ಹೊಲದ ಬದುವಿನಲ್ಲಿ, ಸಾಲಿಯ ಪಡಸಾಲೆಯಲ್ಲಿ ಆ ಮಾತು ತಿಂದು ಬೆಳೆದವರು ನಾವು. ಆ ಗುಂಪಿನ ಗೆಳೆಯರು ಬೈಗುಳವನ್ನೇ ಬಾವುಟ ಮಾಡಿಕೊಂಡರು, ಅದರಲ್ಲಿ ಒಂದು ಕೆಚ್ಚಿದೆ, ನಮಗೆ ನಗುವೂ ಬಂತು. ಒಂದು ಮಾತು ಮಾತ್ರ: ಆ ಹೆಸರಿಗೆ ನಿಜವಾದ ವಾರಸುದಾರರು ಕರ್ನಾಟಕದ ಕೇರಿಗಳಲ್ಲಿ ಇದ್ದೇವೆ. ಒಂದು ಸಲ ಬಂದು ಹೋಗಿ. ನಮ್ಮ ಹಲಗಿ ಕೇಳಿ. ಹಲಗಿಯವನ ಹೆಸರನ್ನೂ ಕೇಳಿ.

ಹೆಸರು ಕೇಳದೆ ದನಿಯನ್ನಷ್ಟೇ ಒಯ್ಯುವವರಲ್ಲಿ ಇನ್ನೊಂದು ತಂಡ ನಮ್ಮ ಪಂಡಿತರದು. ಇವರು ಕಪ್ಪು ತೊಡುವುದಿಲ್ಲ, ಜೋಳಿಗೆ ಹಾಕುತ್ತಾರೆ. 'ಆಚರಣಾತ್ಮಕ ಸ್ವರೂಪ' ಅಂತ ಪ್ರಬಂಧ ಬರೆಯುತ್ತಾರೆ. ಧಾರವಾಡದಿಂದ ಸವದತ್ತಿ ಎಷ್ಟು ದೂರ? ಬಸ್ಸಿಗೆ ಒಂದು ತಾಸು ಚಿಲ್ಲರೆ. ಯಲ್ಲಮ್ಮನ ಗುಡ್ಡದಲ್ಲಿ ರಂಡಿ ಹುಣ್ಣಿಮೆಗೆ, ಜಮದಗ್ನಿ ಸತ್ತನೆಂದು, ಜೋಗತಿಯರು ಬಳೆ ಒಡೆದುಕೊಳ್ಳುತ್ತಾರೆ. ಮುಂದೆ ಮುತ್ತೈದೆ ಹುಣ್ಣಿಮೆಗೆ ಮತ್ತೆ ಇಟ್ಟುಕೊಳ್ಳುತ್ತಾರೆ. ಚೌಡಿಕೆಯ ಒಂದೇ ತಂತಿ ಬಗಲಲ್ಲಿ ಗುಂಯ್‌ಗುಡುತ್ತದೆ. ಯಾವ ಬ್ಲ್ಯಾಕ್ ಸಬ್ಬತ್ತೂ ಅದರ ಮುಂದೆ ನಿಲ್ಲಲಾರದು. ಪಂಡಿತರು ಟೇಪು ಹಿಡಿದು ಬರುತ್ತಾರೆ, ಕಣ್ಣು ಮುಚ್ಚಿ ಕೇಳುತ್ತಾರೆ, 'ಆಹಾ, ಆದಿಮ!' ಅನ್ನುತ್ತಾರೆ. ಕಣ್ಣು ತೆರೆದು ನೋಡಿದರೆ ಮುಂದೆ ಕೂತವಳು ಯಾರದೋ ಅವ್ವ. ಹತ್ತೋ ಹನ್ನೆರಡೋ ವರ್ಷಕ್ಕೆ ಮುತ್ತು ಕಟ್ಟಿಸಿಕೊಂಡವಳು. ಮುಂಬೈ ಪ್ರಾಂತದಲ್ಲಿ 1934ರಲ್ಲಿ ಕಾನೂನು ಬಂತು, ನಮ್ಮ ಧಾರವಾಡ ಜಿಲ್ಲೆಗೂ ಅದು ಲಾಗೂ. 1982ರಲ್ಲಿ ಕರ್ನಾಟಕದ ಕಾನೂನು ಬಂತು. ಎರಡು ಕಾನೂನಿನ ನಡುವೆ 48 ವರ್ಷ. ಆ 48 ವರ್ಷ ಮುತ್ತು ಕಟ್ಟಿದ ಹುಡುಗಿಯರ ಲೆಕ್ಕ ಯಾವ ಪ್ರಬಂಧದ ಅಡಿಟಿಪ್ಪಣಿಯಲ್ಲಿ ಇದೆ, ತೋರಿಸಿ. 1986ರಲ್ಲಿ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ನಮ್ಮ ಸಂಗಾತಿಗಳಿಗೆ ಏಟು ಬಿದ್ದವು. ಅದೂ 'ಆಚರಣೆ'ಯೇ.

ಬದಲಾದದ್ದು ಏನೂ ಇಲ್ಲವೇ? ಇದೆ. ಜೋಗತಿ ಮಂಜಮ್ಮನವರು 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ. ಚಿಕ್ಕಬಳ್ಳಾಪುರದ ಕಡೆಯ ತಮಟೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ. ನಾವು ಕುಣಿದಾಡಿದೆವು. ಆದರೆ ದಿಲ್ಲಿಯಲ್ಲಿ ತಮಟೆಗೆ ಪದಕ ಹಾಕಿದ ದಿನ ನಮ್ಮ ಊರುಗಳಲ್ಲಿ ತಮಟೆಯವನಿಗೆ ದೇವಸ್ಥಾನದ ಕಟ್ಟೆ ಸಿಕ್ಕಿತೇ? ಕೇಳಲೇಬೇಕಾದ ಮಾತು, ಕೇಳುತ್ತೇವೆ.

ಈಗ ನಮ್ಮವರ ಜೊತೆಗಿನ ಜಗಳ. ಚಳವಳಿಯ ಹಿರಿಯರೊಬ್ಬರಿಗೆ ಈ ಆಲ್ಬಮ್ಮಿನ ಸುದ್ದಿ ಹೇಳಿದಾಗ ಗದರಿದರು: 'ಬಂಡವಾಳಶಾಹಿ ದೇಶದ ಬಿಳೀ ಹುಡುಗರ ಹುಚ್ಚಾಟ ನಿಮಗ್ಯಾಕ್ರೋ? ಮತ್ತ ಆ ಹಲಗಿನೂ ಬಿಡ್ರಿ. ಅದು ಗುಲಾಮಗಿರಿಯ ಗುರುತು. ಬೆಂಕಿಗೆ ಹಾಕ್ರಿ.' ಅವರ ಎರಡನೆಯ ಮಾತಿಗೆ ತೂಕವಿದೆ, ಹಗುರಾಗಿ ತಳ್ಳಲಾರೆವು. ಬಾಬಾಸಾಹೇಬರು 1927ರಲ್ಲಿ ಮಹಾಡದಲ್ಲಿ ಸತ್ತ ದನದ ಮಾಂಸ ಬಿಡಿ ಅಂದರು. 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ವತನದ ಚಾಕರಿಯ ವಿರುದ್ಧ ಮಸೂದೆ ಮಂಡಿಸಿದರು. ತುಂಡು ಭೂಮಿ ತೋರಿಸಿ ತಲೆಮಾರುಗಟ್ಟಲೆ ಬಿಟ್ಟಿ ದುಡಿಸುವ ಹಗ್ಗ ಅದು ಅಂತ ಅವರು ಕಂಡಿದ್ದರು. ನಮ್ಮ ರಾಜ್ಯದಲ್ಲಿ ಗ್ರಾಮ ಕಚೇರಿಗಳ ರದ್ದತಿ ಕಾಯಿದೆ ಬಂದದ್ದು 1961ಕ್ಕೆ. ವತನ ಹೋಯಿತು, ಚಾಕರಿ ಮಾತ್ರ ರೂಢಿ ಅನ್ನುವ ಹೆಸರಿನಲ್ಲಿ ಉಳಿಯಿತು.

ಆದರೂ ಹಲಗಿಯನ್ನು ಬೆಂಕಿಗೆ ಹಾಕುವುದನ್ನು ನಾವು ಒಪ್ಪುವುದಿಲ್ಲ. ಯಾಕಂದರೆ ಇದೇ ಚಳವಳಿ 1970ರ ದಶಕದಲ್ಲಿ ಊರೂರು ತಿರುಗಿದಾಗ ಹಾಡಿನ ಜೊತೆ ಬಂದದ್ದು ಹಲಗಿ, ತಮಟೆ. ಹೆಣದ ಮುಂದೆ ಹಿಂದಡಿ ಇಡುತ್ತಿದ್ದ ಸದ್ದು ಮೆರವಣಿಗೆಯ ಮುಂದೆ ಮುಂದಡಿ ಇಟ್ಟಿತು. ಆಸ್ಟನ್ನಿನ ಆ ಹುಡುಗನೂ ತಗಡಿನ ಕಾರ್ಖಾನೆ ಬಿಟ್ಟ, ಕಾರ್ಖಾನೆಯ ಸಪ್ಪಳ ಬಿಡಲಿಲ್ಲ. ಅದನ್ನು ಕೊರಳಿಗೆ ಹಾಕಿಕೊಂಡು ಯಜಮಾನರ ಕಿವಿ ಕಿವುಡಾಗುವ ಹಾಗೆ ತಿರುಗಿ ಬಡಿದ. ಹಿರಿಯರೇ, ಆ ಬಿಳೀ ಹುಡುಗರಿಂದ ನಾವು ಕಲಿಯಬೇಕಾದದ್ದು ಇದೊಂದು. ಅವರ ಸೈತಾನ, ಅವರ ಶಿಲುಬೆ, ಆಮೇಲೆ ಅವರು ಸುರಿದ ಹಣ, ಕುಡಿತ, ಅಮಲು ಎಲ್ಲ ಅವರಿಗೇ ಇರಲಿ.

ಕಾಕಾನ ಸಂಗತಿ ಹೇಳಿ ಮುಗಿಸುತ್ತೇವೆ.

ಅವನು 'ಒಲ್ಲೆ' ಅಂದದ್ದು ಬಾರಿಸುವುದಕ್ಕಲ್ಲ. ಅವನು ಹಾಕಿದ ಶರತ್ತು ಮೂರು: 2,000 ರೂಪಾಯಿ ಮೊದಲೇ ಕೈಯಲ್ಲಿ ಇಡಬೇಕು, ಕಾಲಲ್ಲಿ ಚಪ್ಪಲಿ ಇರುತ್ತದೆ, ಬಾರಿಸಿ ಬಂದ ಮೇಲೆ ಎಲ್ಲರಿಗೂ ಕೊಡುವ ಕಪ್ಪಿನಲ್ಲೇ ಚಹಾ ಕೊಡಬೇಕು. ವಾಡೇದವರು ಹುಬ್ಬಳ್ಳಿಯಿಂದ ಬ್ಯಾಂಡ್ ಸೆಟ್ ತರಿಸಿದರು. 12,000 ರೂಪಾಯಿ ಕೊಟ್ಟರು. ಅವರಿಗೆ ಬೂಟು ಇದ್ದವು, ಗಾಡಿಯಿಂದ ಇಳಿದ ಕೂಡಲೇ ಚಹಾ ಆಯಿತು. ರೊಕ್ಕದ ಪ್ರಶ್ನೆ ಆಗಿರಲೇ ಇಲ್ಲ ಅಂತ ಕಾಕಾನಿಗೆ ತಿಳಿದದ್ದು ಆಗ. ಮರುದಿನದಿಂದ ಹೆಸರಿನ ಹೊಲದ ಕಳೆ ತೆಗೆಯಲು ನಮ್ಮ ಹೆಣ್ಣುಮಕ್ಕಳನ್ನು ಕರೆಯುವುದು ನಿಂತಿತು. ಗಿರಣಿಯವ ಕರೆಂಟಿಲ್ಲ ಅಂದ. ಬಾಜೂ ಮನೆಯ ಜೋಳ ಬೀಸುತ್ತಿತ್ತು.

ಸಾಲಿ ಮಾಸ್ತರರಾಗಿರುವ ಓದುಗರೇ, ಇಲ್ಲಿ ನಿಮ್ಮ ಕೆಲಸ ಇದೆ. 1976ರ ಜೀತ ರದ್ದತಿ ಕಾಯಿದೆ ಇದೆ. ಬಿಟ್ಟಿ ಚಾಕರಿಯೂ ಜೀತವೇ ಅಂತ 2020ರಲ್ಲಿ ನಮ್ಮ ರಾಜ್ಯ ಸರ್ಕಾರವೇ ಸುತ್ತೋಲೆ ಹೊರಡಿಸಿತು. 1989ರ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಸಾಮಾಜಿಕ ಬಹಿಷ್ಕಾರ, ಆರ್ಥಿಕ ಬಹಿಷ್ಕಾರ ಎರಡೂ ಅಪರಾಧ. ಬಾಯಿಮಾತಿನ ಬಹಿಷ್ಕಾರಕ್ಕೆ ಸಾಕ್ಷಿ ಇರುವುದಿಲ್ಲ ಅನ್ನುತ್ತಾರೆ. ಗಿರಣಿಯ ಮುಂದೆ ನಿಂತು ದಿನಾಂಕ, ಹೊತ್ತು, ಹೆಸರು ಬರೆದಿಟ್ಟರೆ ಅದೇ ಸಾಕ್ಷಿ. ಕೇರಿಯಲ್ಲಿ ಬರೆಯಲು ಬರುವವರು ಬೇಕು, ಅಷ್ಟೇ. ನಾವು ಮೂರು ವಾರ ಸರದಿಯ ಮೇಲೆ ಹೋಗಿ ಬರೆದೆವು. ನಾಲ್ಕನೆಯ ವಾರ ಗಿರಣಿಗೆ ಕರೆಂಟು ಬಂತು.

ಆ ಒಂದು ಸರದಿಯಲ್ಲಿ, ರಾತ್ರಿ, ಕಾಕಾನಿಗೆ ಆಲ್ಬಂ ಕೇಳಿಸಿದೆವು. ಜುಲೈ 30ಕ್ಕೆ ಬರ್ಮಿಂಗ್‌ಹ್ಯಾಮಿನ ಬೀದಿಯಲ್ಲಿ ಓಜಿಯ ಶವಯಾತ್ರೆ ಹೊರಟ ಚಿತ್ರವನ್ನೂ ತೋರಿಸಿದೆವು: ಮುಂದೆ ಹಿತ್ತಾಳೆ ವಾದ್ಯದ ಬ್ಯಾಂಡು, ಹಿಂದೆ ಹೆಣದ ಗಾಡಿ, ಇಕ್ಕೆಲದಲ್ಲಿ ಸಾವಿರಾರು ಜನ ಅಳುತ್ತ ನಿಂತದ್ದು. ಕಾಕಾ ಬಹಳ ಹೊತ್ತು ಬ್ಯಾಂಡಿನವರ ಕಾಲನ್ನೇ ನೋಡಿದ.

'ಇಂವಾ ಏನ್ ಕೆಲಸಾ ಮಾಡ್ತಿದ್ದ ಅಂದ್ರಿ?'

'ಮೊದಲ ಕಸಾಯಿಖಾನ್ಯಾಗ ಇದ್ದನಂತ ಕಾಕಾ. ಕಳ್ಳು ತೊಳೀತಿದ್ದ.'

'ಮಂದಿ ಅಳಾಕತ್ಯಾರಲ್ಲೋ!'

ಆಮೇಲೆ ಹಾಡು ಹಚ್ಚಿದೆವು. ಕಣ್ಣು ಮುಚ್ಚಲಿಲ್ಲ ಅವನು, ಪಂಡಿತರ ಹಾಗೆ. ಬೀಡಿ ಸೇದುತ್ತ ಕೇಳಿದ. ಗಿಟಾರು ಬಂದಾಗ ಬೆರಳು ಮೊಣಕಾಲಿನ ಮೇಲೆ ಆಡಿದವು. 'ಇದು ಕಾಸದ ಹಲಗಿ ಸಪ್ಪಳ,' ಅಂದ. 'ಮಳಿಗೆ ಸಡಿಲ ಬಿದ್ದ ಹಲಗಿ ಹಿಂಗ ಅಂತೈತಿ. ಬೇಕಂತ ಕಾಸಿಲ್ಲ ಇವರು. ಶಾಣ್ಯಾರು.' ಹೌದಲ್ಲ! ತೆಳ್ಳನೆಯ ತಂತಿಯ ಸುದ್ದಿ, ಮೊಂಡು ಬೆರಳಿನ ಸುದ್ದಿ ನಾವು ಅವನಿಗೆ ಇನ್ನೂ ಹೇಳಿರಲಿಲ್ಲ.

ಹೇಳಿದ ಮೇಲೆ ಒಂದೇ ಕೇಳಿದ: 'ರೊಕ್ಕಾ ಬಂತೇನು ಅವಗ?'

ಬಂತು ಕಾಕಾ ಅಂದೆವು. ತಲೆ ಹಾಕಿದ. ಎದ್ದು ಹೋಗಿ ಒಲೆಯ ಮೇಲಿನ ಗೂಟದಿಂದ ಹಲಗಿ ಇಳಿಸಿ ತಂದು ನಮ್ಮ ಕೈಗೆ ಕೊಟ್ಟ. 'ಇನ್ನ ಈ ಊರಾಗ ಬಾರಿಸಂಗಿಲ್ಲ. ನೀವು ಒಯ್ಯಿರಿ. ಆದ್ರ ಪುಕ್ಕಟ ಬಾರಿಸಬ್ಯಾಡ್ರಿ ಮತ್ತ.'

ಡಿಸೆಂಬರ್ 6ಕ್ಕೆ ಧಾರವಾಡದಲ್ಲಿ ಮೆರವಣಿಗೆ ತೆಗೆದೆವು. ನಾಲ್ವರಲ್ಲಿ ಮೂವರಿಗೆ ಕೋಲು ಹಿಡಿಯಲೂ ಸರಿಯಾಗಿ ಬರುತ್ತಿರಲಿಲ್ಲ, ಕಲಿಯುತ್ತಿದ್ದೆವು. ಕರೀ ಅಂಗಿಯ ಗೆಳೆಯ ತಾನೂ ಬರುತ್ತೇನೆ ಅಂದ. ಬಾ, ಅಂದೆವು, ಆದರೆ ಮೊದಲು ಚರ್ಮ ಕಾಸುವುದು ಕಲಿ. ಹಾಸ್ಟೆಲಿನಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ, ಹಾಗಾಗಿ ಗೇಟಿನ ಹೊರಗೆ ಚಹಾದ ಡಬ್ಬಾ ಅಂಗಡಿಯ ಒಲೆಯ ಮುಂದೆ ಕೂತು ಕಾಸಿದ. ಮೊದಲ ದಿನ ಕೈ ಸುಟ್ಟುಕೊಂಡ. ಎರಡನೆಯ ದಿನವೂ ಬಂದ.